ಕಾರಿನ ಕೊಟೇಷನ್ ಬಿಡಿಬಿಡಿಯಾಗಿ ಬರಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಹೊಸ ಕಾರಿಗೆಂದು ಶೋರೂಂಗೆ ಹೋದವರು ಕೂತ ಕೂಡಲೇ ಕೇಳುವುದು, ‘ಒಂದೇ ಮಾತು ಹೇಳ್ರಿ, ಆನ್‌ರೋಡ್ ಎಷ್ಟಾಗುತ್ತೆ?’ ಶೋರೂಂನವರು ಒಂದು ದುಂಡು ಮೊತ್ತ ಹೇಳುತ್ತಾರೆ. ಇವರು ಅದರಲ್ಲಿ ಐದೋ ಹತ್ತೋ ಸಾವಿರ ಇಳಿಸಲು ಜಗ್ಗಾಡುತ್ತಾರೆ. ಕೊನೆಗೆ ಒಂದು ಜೊತೆ ಮ್ಯಾಟು, ಸೀಟ್ ಕವರ್ ಸೇರಿಸಿ ಮಾತು ಮುಗಿಯುತ್ತದೆ. ಗಿರಾಕಿಗೆ ಚೌಕಾಸಿ ಮಾಡಿದ ಸಮಾಧಾನ ಸಿಗುತ್ತದೆ, ಹಣ ಮಾತ್ರ ಅವರು ನೋಡದ ಸಾಲುಗಳಲ್ಲಿ ಸೋರಿರುತ್ತದೆ. ಆಯುಧ ಪೂಜೆ, ದೀಪಾವಳಿಗೆ ಗಾಡಿ ಮನೆಗೆ ತರಬೇಕೆಂದು ಓಡಾಡುತ್ತಿರುವ ಓದುಗರು ಈ ಸಾಲುಗಳನ್ನು ಒಂದೊಂದಾಗಿ ನೋಡಬೇಕೆಂದು ಈ ಪತ್ರ.

ಆನ್‌ರೋಡ್ ಬೆಲೆ ಎಂಬುದು ಹಲವು ಮೊತ್ತಗಳ ಗಂಟು. ಎಕ್ಸ್‌ಶೋರೂಂ ಬೆಲೆ (ಗಾಡಿಯದಷ್ಟೇ ಬೆಲೆ), ಆಜೀವ ತೆರಿಗೆ (ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ), ನೋಂದಣಿ ಶುಲ್ಕ, ವಿಮೆ, ಫಾಸ್ಟ್ಯಾಗ್, ಆಕ್ಸೆಸರೀಸ್, ಹೆಚ್ಚುವರಿ ವಾರಂಟಿ ಎಲ್ಲವೂ ಅದರೊಳಗೇ ಇರುತ್ತವೆ. ಡೀಲರ್ ಒಂದು ಕಡೆ ರಿಯಾಯಿತಿ ಕೊಟ್ಟು ಇನ್ನೊಂದು ಕಡೆ ವಾಪಸ್ ಪಡೆಯಲು ಈ ಗಂಟೇ ಅನುಕೂಲ. ಆದ್ದರಿಂದ ರಿಯಾಯಿತಿಯ ಮಾತೆತ್ತುವ ಮೊದಲು ಎಲ್ಲವನ್ನೂ ಪ್ರತ್ಯೇಕವಾಗಿ ಬರೆದ ಕೊಟೇಷನ್ ಕೈಗೆ ಬರಬೇಕು. ಅದು ಶೋರೂಂನ ಲೆಟರ್‌ಹೆಡ್ಡಿನಲ್ಲಿರಲಿ. ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಗೀಚಿದ ಲೆಕ್ಕಕ್ಕೆ ನಾಳೆ ಬೆಲೆಯಿಲ್ಲ.

ಮೊದಲು ಎಕ್ಸ್‌ಶೋರೂಂ ಬೆಲೆ. ಜಿಎಸ್‌ಟಿ ಇದರಲ್ಲೇ ಸೇರಿರುತ್ತದೆ. 4 ಮೀಟರ್ ಉದ್ದ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಮತ್ತು 1500 ಸಿಸಿ ಒಳಗಿನ ಡೀಸೆಲ್ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಯಿತು, ಅದರ ಮೇಲಿದ್ದ ಸೆಸ್ ಕೂಡ ಹೋಯಿತು. ಆ ಇಳಿಕೆ ಸರ್ಕಾರ ಮಾಡಿದ್ದು. ಯಾರಾದರೂ ಅದನ್ನೂ ತಮ್ಮ ‘ಒಟ್ಟು ಲಾಭ’ದ ಪಟ್ಟಿಗೆ ಸೇರಿಸಿ ತೋರಿಸಿದರೆ, ಈಗಿನ ಎಕ್ಸ್‌ಶೋರೂಂ ಬೆಲೆಯ ಮೇಲೆ ನೀವು ಬಿಡುವುದೆಷ್ಟು ಎಂದು ಕೇಳಿ.

ಆಜೀವ ತೆರಿಗೆಯಲ್ಲಿ ಚೌಕಾಸಿಗೆ ಜಾಗವಿಲ್ಲ, ಲೆಕ್ಕ ತಾಳೆ ನೋಡಲು ಇದೆ. ಕರ್ನಾಟಕದಲ್ಲಿ ಕಾರಿನ ಬೆಲೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಇದರ ಮೇಲೆ ಸೆಸ್ ಬೇರೆ. ದರ ಬೀಳುವುದು ಪೂರ್ತಿ ಬೆಲೆಯ ಮೇಲೆ, ಮಿತಿ ದಾಟಿದ ಭಾಗಕ್ಕಷ್ಟೇ ಅಲ್ಲ. 9,98,000 ರೂಪಾಯಿಯ ಕಾರಿಗೆ ತೆರಿಗೆ 1,39,720 ಆದರೆ, 10,02,000 ರೂಪಾಯಿಯ ಕಾರಿಗೆ 1,70,340. ಬೆಲೆಯಲ್ಲಿ ನಾಲ್ಕು ಸಾವಿರದ ಅಂತರ, ತೆರಿಗೆಯಲ್ಲಿ 30,620ರ ಅಂತರ! 10 ಲಕ್ಷ ದಾಟಿದ ಕಾರಿಗೆ ಶೇ 1ರಷ್ಟು ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕೂಡ ಕಟ್ಟಬೇಕು. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು ಎಂಬುದನ್ನು ಎಷ್ಟೋ ಜನ ಮರೆತುಬಿಡುತ್ತಾರೆ. ಆ ಗಡಿಯ ಆಸುಪಾಸಿನಲ್ಲಿರುವ ಮಾಡೆಲ್ ನೋಡುತ್ತಿರುವವರು ಒಂದು ಮೆಟ್ಟಿಲು ಕೆಳಗಿನ ವೇರಿಯಂಟ್ ತೆಗೆದುಕೊಂಡು, ಬೇಕಾದ ಕ್ಯಾಮೆರಾ, ಸ್ಪೀಕರ್‌ಗಳನ್ನು ಆಮೇಲೆ ಹಾಕಿಸಿಕೊಳ್ಳುವುದು ಲೇಸು.

ನೋಂದಣಿ ಶುಲ್ಕ ಕಾರಿಗೆ 600 ರೂಪಾಯಿ, ಸಾಲವಿದ್ದರೆ ಆರ್‌ಸಿಯಲ್ಲಿ ಅದನ್ನು ನಮೂದಿಸಲು 1,500, ಸ್ಮಾರ್ಟ್ ಕಾರ್ಡಿಗೆ 200. ‘ಆರ್‌ಟಿಒ ಖರ್ಚು’ ಎಂದು ದುಂಡಗೆ ಬರೆದ ಮೊತ್ತವನ್ನು ಇವುಗಳ ಜೊತೆ ಕೂಡಿ ಕಳೆದು ನೋಡಿ. ದಾವಣಗೆರೆಯ ಕೆಎ-17 ಆಗಲಿ ಚಿತ್ರದುರ್ಗದ ಕೆಎ-16 ಆಗಲಿ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಇರುತ್ತದೆ. ರಸೀದಿಯಲ್ಲಿದ್ದಷ್ಟೇ ಕೊಡುತ್ತೇವೆ, ಹೆಚ್ಚಾದದ್ದು ವಾಪಸ್ ಬೇಕು ಎಂದು ಕೊಟೇಷನ್ನಿನಲ್ಲೇ ಬರೆಸಿಕೊಳ್ಳಿ. ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’ ಎಂಬ ಸಾಲು ಕಂಡರೆ ತೆಗೆಸಿ. ಗಾಡಿಯನ್ನು ಶೋರೂಂವರೆಗೆ ತಂದು ನಿಲ್ಲಿಸುವುದು ವ್ಯಾಪಾರಿಯ ಕೆಲಸ, ಅದರ ಲಾಭವೂ ಎಕ್ಸ್‌ಶೋರೂಂ ಬೆಲೆಯಲ್ಲೇ ಇದೆ.

ಹೆಚ್ಚು ಹಣ ಸೋರುವುದು ವಿಮೆಯಲ್ಲಿ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ) 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಅದರ ಪ್ರೀಮಿಯಂ ಸರ್ಕಾರವೇ ಗೊತ್ತುಮಾಡಿದ್ದು: 2022ರ ಅಧಿಸೂಚನೆಯಂತೆ 1000 ಸಿಸಿವರೆಗೆ 6,521, 1500 ಸಿಸಿವರೆಗೆ 10,640, ಅದಕ್ಕೂ ಮೇಲೆ 24,596 ರೂಪಾಯಿ, ಜಿಎಸ್‌ಟಿ ಬೇರೆ. ಯಾವ ಕಂಪನಿಗೆ ಹೋದರೂ ಇದು ಅಷ್ಟೇ. ವ್ಯತ್ಯಾಸ ಬರುವುದು ಸ್ವಂತ ಗಾಡಿಯ ಹಾನಿಗೆ ಮಾಡಿಸುವ ಒಂದು ವರ್ಷದ ಭಾಗದಲ್ಲಿ ಮತ್ತು ಅದಕ್ಕೆ ಅಂಟಿಸುವ ಹೆಚ್ಚುವರಿ ರಕ್ಷಣೆ, ಅಂದರೆ ಆ್ಯಡ್‌ಆನ್‌ಗಳಲ್ಲಿ. ಶೋರೂಂ ಕೊಟ್ಟ ವಿಮೆ ಲೆಕ್ಕದಲ್ಲಿ ಐಡಿವಿ (ಗಾಡಿ ಪೂರ್ತಿ ಹೋದರೆ ಸಿಗುವ ವಿಮಾ ಮೊತ್ತ) ಎಷ್ಟಿದೆ, ಯಾವ ಯಾವ ಆ್ಯಡ್‌ಆನ್ ಇವೆ ಎಂದು ಬರೆದುಕೊಂಡು, ಅದೇ ಐಡಿವಿ, ಅದೇ ಆ್ಯಡ್‌ಆನ್‌ಗಳಿಗೆ ವಿಮಾ ಕಂಪನಿಯ ಕಚೇರಿಯಲ್ಲೋ ವೆಬ್‌ಸೈಟಿನಲ್ಲೋ ದರ ಕೇಳಿ. ಹೊಸ ಕಾರಿನ ಐಡಿವಿ ಸಾಮಾನ್ಯವಾಗಿ ಎಕ್ಸ್‌ಶೋರೂಂ ಬೆಲೆಯ ಶೇ 95. ಅದನ್ನು ಇಳಿಸಿ ಪ್ರೀಮಿಯಂ ಕಡಿಮೆ ಎಂದು ತೋರಿಸುವುದುಂಟು. ಕಾರು ಕಳವಾದರೆ ಪರಿಹಾರವೂ ಅಷ್ಟೇ ಇಳಿಯುತ್ತದೆ. ಹೊಸ ಗಾಡಿಗೆ ಜೀರೋ ಡೆಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವುದು) ಬೇಕೇ ಬೇಕು. ಮಳೆಗಾಲದಲ್ಲಿ ನೀರು ನಿಲ್ಲುವ ಅಂಡರ್‌ಪಾಸ್‌ಗಳಲ್ಲಿ ಓಡಾಡುವವರಿಗೆ ಎಂಜಿನ್ ಪ್ರೊಟೆಕ್ಷನ್ ಕೂಡ ಸರಿ, ಏಕೆಂದರೆ ನೀರು ನುಗ್ಗಿ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗುವುದು ಕಷ್ಟ. ಕೀ, ಟೈರು ಮುಂತಾದವುಗಳ ರಕ್ಷಣೆಯನ್ನು ಯೋಚಿಸಿ ಹಾಕಿಸಿ. ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇನ್ನೊಂದು ಗಾಡಿಯ ಪಾಲಿಸಿಯಲ್ಲಿ ಈಗಾಗಲೇ ಇದ್ದರೆ ಮತ್ತೆ ಕಟ್ಟಬೇಕಿಲ್ಲ.

‘ನಮ್ಮಲ್ಲೇ ವಿಮೆ ಮಾಡಿಸಿದರೆ ಮಾತ್ರ ಡಿಸ್ಕೌಂಟು, ಇಲ್ಲದಿದ್ದರೆ ಕ್ಯಾಶ್‌ಲೆಸ್ ಆಗುವುದಿಲ್ಲ’ ಎಂಬ ಮಾತು ಬಂದರೆ ಹೆದರಬೇಡಿ. ಕೈಯಿಂದ ಹಣ ಕಟ್ಟದೆ ವಿಮೆಯಲ್ಲೇ ರಿಪೇರಿ ಆಗುವುದೇ ಕ್ಯಾಶ್‌ಲೆಸ್. ಕ್ಯಾಶ್‌ಲೆಸ್ ನಿಲ್ಲುವುದು ಆ ವರ್ಕ್‌ಶಾಪಿಗೂ ವಿಮಾ ಕಂಪನಿಗೂ ಒಪ್ಪಂದವಿದೆಯೇ ಎಂಬುದರ ಮೇಲೆ. ಯಾವ ಯಾವ ಕಂಪನಿಗಳ ಜೊತೆ ಒಪ್ಪಂದವಿದೆ ಎಂದು ವರ್ಕ್‌ಶಾಪಿನವರನ್ನೇ ಕೇಳಿ, ಅದರಲ್ಲೊಂದನ್ನು ಆರಿಸಿ. ಇಂಥದೇ ಕಂಪನಿಯಲ್ಲಿ ಮಾಡಿಸಿ ಎಂದು ಒತ್ತಾಯಿಸಲು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಡೀಲರ್‌ಗೆ ಅವಕಾಶ ಕೊಡುವುದಿಲ್ಲ. ಹೊರಗಿನ ದರವನ್ನು ತೋರಿಸಿದರೆ ಶೋರೂಂನವರೇ ಅದಕ್ಕೆ ಇಳಿಯುವುದೂ ಉಂಟು.

ಹಳೇ ಕಾರು ಕೊಟ್ಟು ಹೊಸದು ಪಡೆಯುವವರು ಇನ್ನೆರಡು ಕಡೆ ಕಳೆದುಕೊಳ್ಳುತ್ತಾರೆ. ಕ್ಲೇಮ್ ಮಾಡದೆ ಉಳಿಸಿಕೊಂಡ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕರದು. ಅದು ಶೇ 50ರವರೆಗೆ ಇರಬಹುದು. ಹಳೇ ವಿಮಾ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿನ ಸ್ವಂತ ಹಾನಿ ಪ್ರೀಮಿಯಂನಲ್ಲಿ ಕಳೆಸಿಕೊಳ್ಳಬೇಕು. ಇನ್ನೊಂದು, ‘ಎಕ್ಸ್‌ಚೇಂಜ್ ಬೋನಸ್ ಮೂವತ್ತು ಸಾವಿರ’ ಎಂದು ಹೇಳಿ ಹಳೇ ಗಾಡಿಯ ಬೆಲೆಯನ್ನೇ ನಲವತ್ತು ಸಾವಿರ ಕಡಿಮೆ ಕಟ್ಟುವುದು. ಹಳೇ ಕಾರಿಗೆ ಹೊರಗಿನ ಇಬ್ಬರ ಹತ್ತಿರ ಮೊದಲೇ ಬೆಲೆ ಕಟ್ಟಿಸಿ, ಬೋನಸ್ಸನ್ನು ಅದರಿಂದ ಬೇರೆಯಾಗಿ ಬರೆಸಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳಬೇಡಿ. ಆರ್‌ಸಿಯಲ್ಲಿ ನಿಮ್ಮ ಹೆಸರಿರುವವರೆಗೆ ಅಪಘಾತದ ಹೊಣೆ ನಿಮ್ಮ ಬಾಗಿಲಿಗೇ ಬರುತ್ತದೆ.

ಸಾಲದ ಬಗ್ಗೆ ಒಂದೇ ಎಚ್ಚರಿಕೆ: ಫ್ಲ್ಯಾಟ್ ಬಡ್ಡಿ, ಅಂದರೆ ಅಸಲು ತೀರುತ್ತಾ ಬಂದರೂ ಮೊದಲಿನ ಪೂರ್ತಿ ಸಾಲದ ಮೇಲೇ ಹಾಕುವ ಬಡ್ಡಿ. 6 ಲಕ್ಷಕ್ಕೆ 5 ವರ್ಷ, ಶೇ 8 ಫ್ಲ್ಯಾಟ್ ಎಂದರೆ ಬಡ್ಡಿ 2,40,000, ಕಂತು 14,000. ಅದೇ ಸಾಲ ಬ್ಯಾಂಕಿನಲ್ಲಿ ಉಳಿದ ಅಸಲಿನ ಮೇಲೆ ಶೇ 9ಕ್ಕೆ ಸಿಕ್ಕರೆ ಕಂತು ಸುಮಾರು 12,455, ಬಡ್ಡಿ ಒಂದೂವರೆ ಲಕ್ಷದೊಳಗೆ. ಕೇಳಲು ಎಂಟು ಒಂಬತ್ತಕ್ಕಿಂತ ಕಡಿಮೆ, ಕಟ್ಟಲು ತೊಂಬತ್ತು ಸಾವಿರಕ್ಕೂ ಹೆಚ್ಚು. ಸಾಲ ಕೊಡುವವರು ವಾರ್ಷಿಕ ಒಟ್ಟು ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರ ಕೊಡಲೇಬೇಕು. ಸಹಿಗೆ ಮೊದಲು ಅದನ್ನು ಕೇಳಿ ಪಡೆಯಿರಿ.

ಯಾವಾಗ ಕೊಳ್ಳಬೇಕು? ಹಬ್ಬದ ವಾರದಲ್ಲಿ ಗಾಡಿಗೆ ಸಾಲುಗಟ್ಟಿದಾಗ ಯಾರೂ ಬೆಲೆ ಬಿಡುವುದಿಲ್ಲ. ನಮ್ಮ ಜನ ಆಷಾಢದಲ್ಲಿ, ಪಿತೃಪಕ್ಷದಲ್ಲಿ ಗಾಡಿ ಮುಟ್ಟುವುದಿಲ್ಲ, ಶೋರೂಂ ಖಾಲಿ ಹೊಡೆಯುವುದು ಆಗಲೇ. ಶಾಸ್ತ್ರ ಬಿಡಲು ಮನಸ್ಸಿಲ್ಲದವರು ಬೆಲೆಯನ್ನು ಆಗ ಮುಗಿಸಿ, ಡೆಲಿವರಿಯನ್ನು ಒಳ್ಳೆಯ ದಿನಕ್ಕೆ ಇಟ್ಟುಕೊಳ್ಳಬಹುದು, ಡೆಲಿವರಿ ದಿನಕ್ಕೂ ಅದೇ ಬೆಲೆ ಎಂದು ಬರೆಸಿಕೊಂಡರೆ ಸಾಕು. ತಿಂಗಳ ಕೊನೆಯ ನಾಲ್ಕು ದಿನವೂ ಗುರಿ ಮುಟ್ಟಿಸುವ ಒತ್ತಡದಲ್ಲಿ ಅವರೇ ಇಳಿಯುತ್ತಾರೆ. ಡಿಸೆಂಬರಿನ ದೊಡ್ಡ ರಿಯಾಯಿತಿ ನೋಡಿದವರು ಗಾಡಿ ತಯಾರಾದ ತಿಂಗಳು, ವರ್ಷ ಕೇಳಬೇಕು. ಅದು ಫಾರಂ 21ರಲ್ಲೂ (ಮಾರಾಟ ಪ್ರಮಾಣಪತ್ರ) ಆರ್‌ಸಿಯಲ್ಲೂ ಬರುತ್ತದೆ, ಮುಂದೆ ಮಾರುವಾಗ ಬೆಲೆ ಕಟ್ಟುವುದೂ ಅದರ ಮೇಲೆಯೇ. ದರ ಹೋಲಿಸುವಾಗ ದಾವಣಗೆರೆ, ಚಿತ್ರದುರ್ಗದ ಶೋರೂಂ ಎರಡೂ ಒಬ್ಬರೇ ಮಾಲೀಕರದಾದರೆ ಪ್ರಯೋಜನವಿಲ್ಲ. ಶಿವಮೊಗ್ಗ ಅಥವಾ ಹುಬ್ಬಳ್ಳಿಯ ಬೇರೆ ಡೀಲರ್‌ನ ಕೊಟೇಷನ್ ಕೈಯಲ್ಲಿರಲಿ.

ಚನ್ನಗಿರಿ ಕಡೆಯ ಅಡಿಕೆ, ಜಗಳೂರು ಕಡೆಯ ಮೆಕ್ಕೆಜೋಳ ಮಾರಿ ಬಂದ ನಗದನ್ನೇ ಕಟ್ಟಲು ಹೋಗುವ ರೈತರು ಗಮನಿಸಬೇಕು: ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಬುಕಿಂಗ್ ಹಣವೂ ಶೋರೂಂ ಖಾತೆಗೇ ಹೋಗಲಿ, ಸೇಲ್ಸ್‌ನವರ ಸ್ವಂತ ಫೋನ್ ನಂಬರಿಗೆ ಬೇಡ.

ಪೂರ್ತಿ ಹಣ ಕಟ್ಟುವ ಮೊದಲು, ನೋಂದಣಿಗೂ ಮೊದಲು ಯಾರ್ಡಿಗೆ ಹೋಗಿ ಹಗಲು ಬೆಳಕಿನಲ್ಲಿ ಕಾರು ನೋಡಿ. ಚಾಸಿಸ್ ನಂಬರ್ ಇನ್‌ವಾಯ್ಸಿಗೆ ತಾಳೆಯಾಗಬೇಕು. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಐದೂ ಟೈರು ಹತ್ತಿರ ಹತ್ತಿರದ ದಿನಗಳದಾಗಿರಲಿ. ಬಾಗಿಲಿನ ಅಂಚು, ಬಂಪರ್ ಕೂಡುವ ಸಂದಿನಲ್ಲಿ ಬಣ್ಣ ಬೇರೆಯಾಗಿ ಕಂಡರೆ ಬೇರೆ ಗಾಡಿ ಕೇಳಿ. ಒಮ್ಮೆ ನಿಮ್ಮ ಹೆಸರಿಗೆ ನೋಂದಣಿಯಾದರೆ ಬದಲಿಸಿಕೊಡುವವರು ಸಿಗುವುದಿಲ್ಲ.

ಸಾರಿಗೆ ಇಲಾಖೆ ಮತ್ತು ಜಿಲ್ಲಾಡಳಿತದಲ್ಲಿ ನನ್ನ ಮನವಿ ಇಷ್ಟೆ: ಎರಡೂ ಜಿಲ್ಲೆಗಳ ಪ್ರತಿ ಶೋರೂಂನಲ್ಲೂ ಪ್ರತಿ ಮಾಡೆಲ್‌ನ ಎಕ್ಸ್‌ಶೋರೂಂ ಬೆಲೆ, ತೆರಿಗೆ, ಸೆಸ್, ನೋಂದಣಿ ಶುಲ್ಕ, ಥರ್ಡ್ ಪಾರ್ಟಿ ಪ್ರೀಮಿಯಂ ಬಿಡಿಬಿಡಿಯಾಗಿ ಕನ್ನಡದಲ್ಲಿ ಬರೆದ ಫಲಕ ಹಾಕಿಸಬೇಕು. ವಿಮೆ ಎಲ್ಲಿ ಬೇಕಾದರೂ ಮಾಡಿಸಬಹುದು ಎಂಬ ಸಾಲೂ ಅದರಲ್ಲಿರಲಿ. ಈಗಾಗಲೇ ಹೆಚ್ಚು ಕೊಟ್ಟವರು ರಸೀದಿಗಳೊಂದಿಗೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ತಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಹೋಗಬಹುದು.

– ಓದುಗ, ವಿದ್ಯಾನಗರ, ದಾವಣಗೆರೆ