ಇಳಿಸುವ ಹಕ್ಕು ಯಾರದು? ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿಮ್ಮ ಅಧ್ಯಯನ ಕೂಟದ ಮುಂದಿನ ಚರ್ಚೆ ಮಾರ್ಕ್ಸ್‌ವಾದ, ಪ್ರಜಾಪ್ರಭುತ್ವ ಮತ್ತು ವ್ಯಕ್ತಿ ಸ್ವಾತಂತ್ರ್ಯದ ಮೇಲೆ ಎಂದು ಬರೆದಿದ್ದೀಯ. ಎದುರಿಗೆ ಕೂರುವವರೆಲ್ಲ ನಮ್ಮವರೇ ಆದಾಗ ವಾದ ಹೇಗೆ ಮಾಡುವುದು ಎಂದೂ ಕೇಳಿದ್ದೀಯ. ಬಲಪಂಥದವರ ಜೊತೆ ವಾದಿಸುವುದು ಇದಕ್ಕಿಂತ ಸುಲಭ. ಎಡದೊಳಗೆ ಎಲ್ಲರ ಬಾಯಲ್ಲೂ ಒಂದೇ ಪದಗಳಿರುತ್ತವೆ, ಅರ್ಥ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ ಪದದಿಂದಲೇ ಶುರು ಮಾಡು.

"ಶ್ರಮಿಕ ವರ್ಗದ ಸರ್ವಾಧಿಕಾರ" ಎಂಬ ಮಾತು ಮಾರ್ಕ್ಸ್‌ನಲ್ಲಿ ಅಪರೂಪಕ್ಕೆ ಬರುವಂಥದ್ದು. 1852ರ ಒಂದು ಪತ್ರದಲ್ಲಿದೆ, 1875ರಲ್ಲಿ ಜರ್ಮನ್ ಕಾರ್ಮಿಕ ಪಕ್ಷದ ಗೋಥಾ ಕಾರ್ಯಕ್ರಮದ ಮೇಲೆ ಬರೆದ ಟಿಪ್ಪಣಿಯಲ್ಲಿದೆ, ಇನ್ನು ಕೆಲವು ಕಡೆ ಇದೆ. ಆ ಕಾಲದ ಓದುಗರಿಗೆ ಸರ್ವಾಧಿಕಾರವೆಂದರೆ ಪ್ರಾಚೀನ ರೋಮ್‌ನಲ್ಲಿದ್ದ, ಅವಧಿ ನಿಗದಿಯಾದ ತುರ್ತು ಅಧಿಕಾರ ನೆನಪಾಗುತ್ತಿತ್ತು. ಅದು ನಿಜವಾಗಿ ಹೇಗಿರುತ್ತದೆ ಎಂದು ಕೇಳುವವರಿಗೆ ಮಾರ್ಕ್ಸ್‌ನ ಜೊತೆಗಾರ ಎಂಗೆಲ್ಸ್ 1891ರಲ್ಲಿ ಪ್ಯಾರಿಸ್ ಕಮ್ಯೂನನ್ನು, ಅಂದರೆ ಅಲ್ಲಿನ ದುಡಿಯುವ ಜನ ಕಟ್ಟಿಕೊಂಡ ನಗರ ಸರ್ಕಾರವನ್ನು, ತೋರಿಸಿದ. 1871ರ ಆ 72 ದಿನಗಳಲ್ಲಿ ಏನಿತ್ತು? ಸಾರ್ವತ್ರಿಕ ಪುರುಷ ಮತದಾನದಿಂದ ಆರಿಸಿ ಬಂದ ಸಭೆ, ಪ್ರತಿನಿಧಿಗಳನ್ನು ಅವಧಿಗೆ ಮುಂಚೆಯೇ ವಾಪಸು ಕರೆಸಿಕೊಳ್ಳಬಹುದೆಂಬ ತತ್ತ್ವ, ಅಧಿಕಾರಿಗಳ ಸಂಬಳಕ್ಕೆ ವರ್ಷಕ್ಕೆ 6000 ಫ್ರಾಂಕ್‌ಗಳ ಮಿತಿ. ಅದೇ ಕಮ್ಯೂನ್ ವಿರೋಧಿ ಪತ್ರಿಕೆಗಳನ್ನು ಮುಚ್ಚಿಸಿತು, ಹೆಂಗಸರಿಗೆ ಮತ ಕೊಡಲಿಲ್ಲ. ಇದನ್ನೂ ನೀನೇ ಹೇಳು. ನೀನು ಮುಚ್ಚಿಟ್ಟದ್ದನ್ನು ಎದುರಿನವರು ಹೊರತೆಗೆದರೆ ನಿನ್ನ ಉಳಿದ ಮಾತಿಗೂ ಬೆಲೆ ಉಳಿಯದು.

ಎರಡನೆಯ ತೊಡಕು "ಬೂರ್ಜ್ವಾ ಸ್ವಾತಂತ್ರ್ಯ", ಅಂದರೆ ಬಂಡವಾಳಶಾಹಿ ವರ್ಗದ ಸ್ವಾತಂತ್ರ್ಯ, ಎಂಬ ಮಾತು. ಯಾರಾದರೂ ಯಹೂದಿ ಪ್ರಶ್ನೆಯ ಮೇಲಿನ 1844ರ ಲೇಖನ ಎತ್ತಿಕೊಂಡು, ಹಕ್ಕುಗಳೆಂದರೆ ಸ್ವಾರ್ಥಿ ಮನುಷ್ಯನ ಹಕ್ಕುಗಳು ಎಂದು ಮಾರ್ಕ್ಸ್ ಹೇಳಿದ್ದಾನೆ ಎನ್ನುತ್ತಾರೆ. ಹೇಳಿದ್ದು ನಿಜ. ಅದೇ ಲೇಖನದಲ್ಲಿ ರಾಜಕೀಯ ವಿಮೋಚನೆ ದೊಡ್ಡ ಮುನ್ನಡೆ ಎಂದೂ ಒಪ್ಪಿಕೊಂಡಿದ್ದಾನೆ. ಅದಕ್ಕೆ 2 ವರ್ಷ ಮೊದಲು, 1842ರಲ್ಲಿ, ಪ್ರಷ್ಯಾದ ಸೆನ್ಸಾರ್‌ಶಿಪ್ ವಿರುದ್ಧ ಸಾಲುಸಾಲು ಲೇಖನ ಬರೆದವನೂ ಅವನೇ. ಅವನು ಸಂಪಾದಿಸುತ್ತಿದ್ದ ಪತ್ರಿಕೆಯನ್ನು ಸರ್ಕಾರ 1843ರಲ್ಲಿ ಮುಚ್ಚಿಸಿತು. ಸ್ವಾತಂತ್ರ್ಯದ ಕಾಗದ ಕೈಯಲ್ಲಿದ್ದು ಹೊಟ್ಟೆಗಿಲ್ಲದವನಿಗೆ ಅದು ಅರೆಬರೆ ಎಂಬುದು ಅವನ ತಕರಾರು. ಅರೆಬರೆಯಾದದ್ದನ್ನು ಪೂರ್ತಿ ಮಾಡಬೇಕೇ, ಕಿತ್ತೆಸೆಯಬೇಕೇ? ಎಡದೊಳಗಿನ ನೂರು ವರ್ಷದ ಜಗಳ ಇಲ್ಲಿಂದಲೇ ಕವಲೊಡೆಯುತ್ತದೆ.

ಚರ್ಚೆಯ ಹೆಚ್ಚು ಸಮಯವನ್ನು 1918ಕ್ಕೆ ಕೊಡು. 1917ರ ನವೆಂಬರ್‌ನಲ್ಲಿ ರಷ್ಯಾದ ಸಂವಿಧಾನ ಸಭೆಗೆ ಚುನಾವಣೆ ನಡೆಯಿತು, ಹೆಂಗಸರೂ ಮತ ಹಾಕಿದರು. ಆಗಷ್ಟೇ ಅಧಿಕಾರ ಹಿಡಿದಿದ್ದ ಲೆನಿನ್‌ನ ಪಕ್ಷದವರಾದ ಬೋಲ್ಶೆವಿಕರಿಗೆ ಸಿಕ್ಕಿದ್ದು ಮತಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು; ರೈತರ ನಡುವೆ ಬೇರು ಬಿಟ್ಟಿದ್ದ ಸಮಾಜವಾದಿ ಕ್ರಾಂತಿಕಾರಿಗಳು ಎಲ್ಲರಿಗಿಂತ ಮುಂದಿದ್ದರು. ಜನವರಿಯಲ್ಲಿ ಸಭೆ ಒಂದೇ ಒಂದು ಸಲ ಸೇರಿತು, ಮರುದಿನ ಅದನ್ನು ವಿಸರ್ಜಿಸಲಾಯಿತು. ಲೆನಿನ್ ಪಕ್ಷದ ಸಮರ್ಥನೆಯನ್ನು ಹಗುರವಾಗಿ ತಳ್ಳಿಹಾಕಬೇಡ. ಸಮಾಜವಾದಿ ಕ್ರಾಂತಿಕಾರಿಗಳ ಪಕ್ಷ ಒಡೆಯುವ ಮೊದಲೇ ಉಮೇದುವಾರರ ಪಟ್ಟಿ ತಯಾರಾಗಿತ್ತು, ಎಡಬಣಕ್ಕೆ ಮತ ಹಾಕಬೇಕೆಂದಿದ್ದ ರೈತನಿಗೆ ಆ ಆಯ್ಕೆಯೇ ಇರಲಿಲ್ಲ, ಸೋವಿಯತ್ತುಗಳು, ಅಂದರೆ ಕಾರ್ಮಿಕ, ಸೈನಿಕ, ರೈತರ ಚುನಾಯಿತ ಮಂಡಳಿಗಳು, ಜನಕ್ಕೆ ಹೆಚ್ಚು ಹತ್ತಿರದ ಸಂಸ್ಥೆ ಎಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿದೆ.

ಜರ್ಮನಿಯ ಬ್ರೆಸ್ಲಾವ್ ಸೆರೆಮನೆಯಲ್ಲಿ ಕೂತು ಅಲ್ಲಿನ ಕ್ರಾಂತಿಕಾರಿ ನಾಯಕಿ ರೋಸಾ ಲಕ್ಸೆಂಬರ್ಗ್ ಇದಕ್ಕೆ ಕೊಟ್ಟ ಉತ್ತರ ನೋಡು. ಸಭೆ ಹಳಸಿದೆಯೇ? ಹಾಗಾದರೆ ತಡಮಾಡದೆ ಹೊಸ ಚುನಾವಣೆ ನಡೆಸಿ. ಒಂದು ಸಭೆ ಹಳತಾಯಿತೆಂದು ಸಭೆ ಎಂಬುದೇ ನಿಷ್ಪ್ರಯೋಜಕ ಎನ್ನುವುದು ತರ್ಕವಲ್ಲ. ಸ್ವಾತಂತ್ರ್ಯವೆಂದರೆ ಯಾವಾಗಲೂ ಬೇರೆ ಥರ ಯೋಚಿಸುವವರ ಸ್ವಾತಂತ್ರ್ಯ ಎಂಬ ಅವಳ ಮಾತು ಎಲ್ಲರಿಗೂ ಬಾಯಿಪಾಠ, ಆದರೆ ಅದರ ಹಿಂದಿರುವ ಕಾರಣವನ್ನು ಕೆಲವರೇ ಓದಿರುತ್ತಾರೆ. ಸಮಾಜವಾದ ಕಟ್ಟುವುದಕ್ಕೆ ಸಿದ್ಧ ನಕ್ಷೆ ಇಲ್ಲ, ತಪ್ಪು ಮಾಡಿ ತಿದ್ದಿಕೊಳ್ಳಬೇಕು. ತಪ್ಪನ್ನು ಕೂಗಿ ಹೇಳುವವರ ಬಾಯಿ ಮುಚ್ಚಿಸಿದರೆ ತಿದ್ದುವುದು ಹೇಗೆ? ಅವಳಿಗೆ ಸ್ವಾತಂತ್ರ್ಯ ಒಡವೆಯಲ್ಲ, ಉಪಕರಣ. ನನ್ನನ್ನು ಕೇಳಿದರೆ ಎಡಪಂಥದ ಬರಹಗಳಲ್ಲೇ ಇಷ್ಟು ಕೆಲಸಕ್ಕೆ ಬರುವ ವಾದ ಇನ್ನೊಂದಿಲ್ಲ.

ಆದರೆ ರೋಸಾಳನ್ನು ಅರ್ಧ ಓದಬೇಡ. ಅದೇ ಬರಹದಲ್ಲಿ, ಧೈರ್ಯ ಮಾಡಿದವರು ಬೋಲ್ಶೆವಿಕರೇ ಎಂದು ಹೊಗಳಿದ್ದಾಳೆ. ಜರ್ಮನಿಯಲ್ಲಿ ಕ್ರಾಂತಿ ನಡೆದಾಗ ರಾಷ್ಟ್ರೀಯ ಸಭೆಯ ಬದಲು ಕಾರ್ಮಿಕ ಮಂಡಳಿಗಳ ಪರ ನಿಂತಳು, ಆದರೂ ಆ ಸಭೆಯ ಚುನಾವಣೆಯಲ್ಲಿ ಜರ್ಮನ್ ಕಮ್ಯೂನಿಸ್ಟ್ ಪಕ್ಷ ಭಾಗವಹಿಸಬೇಕೆಂದು ಅದರ ಸ್ಥಾಪನಾ ಸಮಾವೇಶದಲ್ಲಿ ವಾದಿಸಿದಳು. 62ಕ್ಕೆ 23 ಮತಗಳಿಂದ ಅವಳ ಕಡೆ ಸೋತಿತು. ಸೋತ ಮೇಲೂ ಪಕ್ಷದಲ್ಲೇ ಉಳಿದಳು. 1919ರ ಜನವರಿ 15ರಂದು ಅವಳನ್ನು ಕೊಂದರು.

ಅಲ್ಲಿಂದ ರಷ್ಯಾಕ್ಕೆ, 1921ರ ಮಾರ್ಚ್‌ಗೆ ಬಾ. ಗುಪ್ತ ಮತದಾನದಿಂದ ಸೋವಿಯತ್ತುಗಳಿಗೆ ಹೊಸ ಚುನಾವಣೆ ಆಗಲಿ, ಕಾರ್ಮಿಕ ರೈತರಿಗೂ ಎಡಪಕ್ಷಗಳಿಗೂ ವಾಕ್ ಸ್ವಾತಂತ್ರ್ಯ ಇರಲಿ ಎಂದು ನೌಕಾನೆಲೆ ಕ್ರಾನ್‌ಸ್ಟಾಟ್‌ನ ನಾವಿಕರು ಕೇಳಿದರು. ಅವರನ್ನು ಸೈನ್ಯದಿಂದ ಹತ್ತಿಕ್ಕಲಾಯಿತು. ಅದೇ ತಿಂಗಳು ಬೋಲ್ಶೆವಿಕ್ ಪಕ್ಷದ 10ನೇ ಮಹಾಧಿವೇಶನ ಒಳಬಣಗಳನ್ನು ನಿಷೇಧಿಸಿತು. ಕೇಂದ್ರ ಸಮಿತಿಯ ಸದಸ್ಯರನ್ನೇ ಮೂರನೇ ಎರಡು ಬಹುಮತದಿಂದ ಹೊರಹಾಕಬಹುದೆಂಬ ಕಲಮನ್ನು ಗುಟ್ಟಾಗಿಟ್ಟಿದ್ದರು, ಅದು ಬೆಳಕಿಗೆ ಬಂದದ್ದು 1924ರಲ್ಲಿ. ಮೂರೇ ವರ್ಷ ಹಿಂದೆ ಜರ್ಮನಿಯ ಜೊತೆಗಿನ ಬ್ರೆಸ್ಟ್-ಲಿತೋವ್‌ಸ್ಕ್ ಶಾಂತಿ ಒಪ್ಪಂದದ ಹೊತ್ತಿನಲ್ಲಿ, ಜರ್ಮನ್ ಸೈನ್ಯ ಮುನ್ನುಗ್ಗುತ್ತಿದ್ದಾಗಲೂ, ಪಕ್ಷದ ಮುಖಂಡ ಬುಖಾರಿನ್‌ನ ಗುಂಪು ತನ್ನದೇ ಪತ್ರಿಕೆ ತಂದು ಲೆನಿನ್‌ನನ್ನು ಬಹಿರಂಗವಾಗಿ ವಿರೋಧಿಸಿತ್ತು, ಪಕ್ಷ ಮುರಿದುಬೀಳಲಿಲ್ಲ. ನಿಷೇಧವನ್ನು ಬೆಂಬಲಿಸಿದ್ದ, ಪಕ್ಷದ ಇನ್ನೊಬ್ಬ ಮುಖಂಡ ಟ್ರಾಟ್‌ಸ್ಕಿ 1927ರಲ್ಲಿ ಬಣ ಕಟ್ಟಿದ ಆರೋಪದ ಮೇಲೆ ಪಕ್ಷದಿಂದಲೇ ಹೊರಬಿದ್ದ. ಯಾವ ದಿನಕ್ಕೆ ಮುಗಿಯುತ್ತದೆ ಎಂದು ಬರೆಯದೆ ತಂದ ತುರ್ತು ಕ್ರಮ ಹಾಗೇ ಉಳಿದುಬಿಟ್ಟಿತು. ಮುಂದಿನ ಅನರ್ಥಕ್ಕೆ ದಾರಿ ಮಾಡಿಕೊಟ್ಟದ್ದು ಈ ಸಣ್ಣ ಲೋಪ ಎಂದು ನನಗನ್ನಿಸುತ್ತದೆ.

1936ರ ಸೋವಿಯತ್ ಸಂವಿಧಾನದ 125ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಎಲ್ಲ ಇವೆ. ಅದರ ಕರಡು ಸಮಿತಿಯಲ್ಲಿ ಬುಖಾರಿನ್ ಇದ್ದ. 1938ರ ಮಾರ್ಚ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಆ ವಿಧಿ ಶುರುವಾಗುವುದೇ "ದುಡಿಯುವ ಜನರ ಹಿತಕ್ಕೆ ಅನುಗುಣವಾಗಿ" ಎಂಬ ಷರತ್ತಿನಿಂದ. ಆ ಹಿತ ಯಾವುದೆಂದು ತೀರ್ಮಾನಿಸುವವರು ಯಾರು, ಅವರನ್ನು ಇಳಿಸುವವರು ಯಾರು? ಇದೇ ಪ್ರಶ್ನೆಯನ್ನು ಯಾವ ಪ್ರಸ್ತಾಪ ಬಂದರೂ ಕೇಳು.

ವ್ಯಕ್ತಿ ಸ್ವಾತಂತ್ರ್ಯದ ಮಾತು ಬಂದಾಗ "ಮೊದಲು ಅನ್ನ, ಆಮೇಲೆ ಅದೆಲ್ಲ" ಎನ್ನುವವರು ಇದ್ದೇ ಇರುತ್ತಾರೆ. ಅವರ ಮುಂದೆ ಹೆಂಗಸರ ಲೆಕ್ಕ ಇಡು. 1920ರಲ್ಲಿ ಸೋವಿಯತ್ ಸರ್ಕಾರ ಗರ್ಭಪಾತವನ್ನು ಕಾನೂನುಬದ್ಧ ಮಾಡಿತು, ಜಗತ್ತಿನಲ್ಲಿ ಅದು ಬಹಳ ಮುಂದಿನ ಹೆಜ್ಜೆ. 1930ರಲ್ಲಿ ಪಕ್ಷದ ಮಹಿಳಾ ವಿಭಾಗವನ್ನು ಮುಚ್ಚಿದರು. 1936ರ ಮೇ ತಿಂಗಳಲ್ಲಿ ಗರ್ಭಪಾತ ನಿಷೇಧದ ಕರಡನ್ನು ಸಾರ್ವಜನಿಕ ಚರ್ಚೆಗೆ ಬಿಟ್ಟರು. ಇಕ್ಕಟ್ಟಿನ ವಸತಿಯ ಬಗ್ಗೆ, ಓದು ನಿಂತುಹೋಗುವ ಬಗ್ಗೆ ಹೇಳಿಕೊಂಡು ಬೇಡವೆಂದು ಬರೆದ ಹೆಂಗಸರು ಬಹಳ ಮಂದಿ. ಜೂನ್ 27ಕ್ಕೆ ನಿಷೇಧ ಜಾರಿಗೆ ಬಂತು. ಮೇಲಿನವರು ದಯಪಾಲಿಸಿದ ಹಕ್ಕನ್ನು ಮೇಲಿನವರೇ ವಾಪಸು ತೆಗೆದುಕೊಂಡರು, ಕಾಪಾಡಿಕೊಳ್ಳುವುದಕ್ಕೆ ಹೆಂಗಸರ ಕೈಯಲ್ಲಿ ಸ್ವಂತ ಸಂಘಟನೆ ಉಳಿದಿರಲಿಲ್ಲ. ಅನ್ನ, ವಸತಿ, ಮೈಮೇಲಿನ ಹಕ್ಕು, ಎದುರು ಮಾತಾಡುವ ಹಕ್ಕು ಇವನ್ನು ಸರದಿಯಲ್ಲಿ ನಿಲ್ಲಿಸಬಾರದು ಅನ್ನುವುದು ಇದಕ್ಕೇ, ಮಗಳೇ. ನಾಲ್ಕನೆಯದು ಹೋದರೆ ಉಳಿದ ಮೂರನ್ನು ಕೇಳಲು ಬಾಯಿರುವುದಿಲ್ಲ.

ನಮ್ಮ ದೇಶದ ಎಡಪಂಥಕ್ಕೂ ಈ ಪರೀಕ್ಷೆ ಬಂದಿತ್ತು. 1959ರ ಜುಲೈ 31ರಂದು ಕೇರಳದ ಚುನಾಯಿತ ಕಮ್ಯೂನಿಸ್ಟ್ ಸರ್ಕಾರವನ್ನು ಕೇಂದ್ರ ಸರ್ಕಾರ ಸಂವಿಧಾನದ 356ನೇ ವಿಧಿ ಬಳಸಿ ವಜಾ ಮಾಡಿತು. ಬೂರ್ಜ್ವಾ ಪ್ರಜಾಪ್ರಭುತ್ವ ತನ್ನದೇ ನಿಯಮಕ್ಕೆ ನಿಲ್ಲುವುದಿಲ್ಲ ಎನ್ನುವವರಿಗೆ ಅದು ಗಟ್ಟಿ ಸಾಕ್ಷಿ, ಅಲ್ಲಗಳೆಯಬೇಡ. 1975ರ ತುರ್ತು ಪರಿಸ್ಥಿತಿಯನ್ನು ಸಿಪಿಐ ಬೆಂಬಲಿಸಿತು, ಸಿಪಿಎಂ ವಿರೋಧಿಸಿತು. 1978ರ ಭಟಿಂಡಾ ಅಧಿವೇಶನದಲ್ಲಿ ಸಿಪಿಐ ತನ್ನ ನಿಲುವು ತಪ್ಪಾಗಿತ್ತೆಂದು ಒಪ್ಪಿಕೊಂಡಿತು.

ಈಗ ಕೂಟ ನಡೆಸುವ ವಿಚಾರ. ಬಹಳ ಚರ್ಚೆಗಳು ಕೆಡುವುದು ಸಿದ್ಧಾಂತದಿಂದಲ್ಲ, ವಿಧಾನದಿಂದ. ಎದುರಾಳಿಯ ವಾದವನ್ನು ನೀನು ಐದು ವಾಕ್ಯದಲ್ಲಿ ಹೇಳು, ಅವರು "ಹೌದು, ಇದೇ" ಅಂದ ಮೇಲೆ ಉತ್ತರ ಕೊಡು. ಯಾರೇ ಉಲ್ಲೇಖ ಕೊಟ್ಟರೂ ಇಸವಿ ಕೇಳು; 1917ರ ಲೆನಿನ್ ಬೇರೆ, 1921ರ ಲೆನಿನ್ ಬೇರೆ. "ತಿದ್ದುಪಡಿವಾದಿ", "ಉದಾರವಾದಿ" ಎಂದು ಹಣೆಪಟ್ಟಿ ಹಚ್ಚುವವರಿಗೆ, ಯಾವ ವಾಕ್ಯ ತಪ್ಪು ತೋರಿಸಿ ಎನ್ನು. ಅಲ್ಪಮತದ ಟಿಪ್ಪಣಿ ಬಹುಮತದ ಟಿಪ್ಪಣಿಯ ಜೊತೆಗೇ ಎಲ್ಲ ಸದಸ್ಯರ ಕೈ ಸೇರಲಿ. ಪದಾಧಿಕಾರಿಗಳ ಆಯ್ಕೆ ಗುಪ್ತ ಮತದಿಂದ ನಡೆಯಲಿ, ಇಲ್ಲದಿದ್ದರೆ ಹಿರಿಯರ ಮುಖ ನೋಡಿ ಕೈ ಎತ್ತುತ್ತಾರೆ. ಶಿಸ್ತುಕ್ರಮವಾದರೆ ದೂರು ಕೊಟ್ಟವರೇ ತೀರ್ಪು ಕೊಡಬಾರದು, ಮೇಲ್ಮನವಿಗೆ ಬೇರೆ ಸಮಿತಿ ಬೇಕು. ತುರ್ತೆಂದು ಯಾವ ನಿರ್ಬಂಧ ತಂದರೂ ಅದು ರದ್ದಾಗುವ ದಿನಾಂಕವನ್ನು ನಿರ್ಣಯದಲ್ಲೇ ಬರೆಸು.

ಕಮ್ಯೂನಿಸ್ಟ್ ಪಕ್ಷಗಳ ಸಂಘಟನಾ ನಿಯಮವಾದ ಜನತಾಂತ್ರಿಕ ಕೇಂದ್ರೀಕರಣದ ಪ್ರಶ್ನೆ ಖಂಡಿತ ಬರುತ್ತದೆ. ಚರ್ಚೆಯಲ್ಲಿ ಸ್ವಾತಂತ್ರ್ಯ, ಕ್ರಿಯೆಯಲ್ಲಿ ಏಕತೆ ಎಂಬುದು ಅದರ ಮೂಲ ಮಾತು. ಮುಷ್ಕರ ನಾಳೆ ಎಂದು ನಿರ್ಧಾರವಾದ ಮೇಲೆ ಒಬ್ಬೊಬ್ಬರು ಒಂದೊಂದು ದಿನ ಮಾಡಲಾಗದು, ಅಷ್ಟು ಏಕತೆ ಬೇಕು. ಆದರೆ ನಿರ್ಧಾರವಾದ ಮೇಲೆ ಯೋಚಿಸುವುದನ್ನೂ ನಿಲ್ಲಿಸಿ ಎನ್ನುವುದು ಅದರೊಳಗಿಲ್ಲ. ಮುಷ್ಕರ ಮುಗಿದ ಮರುದಿನ ಆ ನಿರ್ಧಾರ ತಪ್ಪಾಗಿತ್ತು ಎಂದು ಬರೆಯುವ ಹಕ್ಕು ಸದಸ್ಯನಿಗಿದೆಯೇ ಎಂದು ಕೇಳು.

ರೋಸಾಳ ಬರಹವನ್ನೂ ಬೋಲ್ಶೆವಿಕರನ್ನು ಟೀಕಿಸಿದ್ದ ಜರ್ಮನ್ ಸಮಾಜವಾದಿ ಕೌಟ್‌ಸ್ಕಿಗೆ ಲೆನಿನ್ ಕೊಟ್ಟ ಉತ್ತರವನ್ನೂ ಒಟ್ಟಿಗೆ ಇಟ್ಟುಕೊಂಡು ಓದು, ಎರಡೂ 1918ರವು. ಟಿಪ್ಪಣಿ ಸಿದ್ಧವಾದರೆ ಕಳಿಸು, ಎಲ್ಲಿ ಒಪ್ಪುವುದಿಲ್ಲ ಎಂದು ಅಂಚಿನಲ್ಲಿ ಬರೆದು ವಾಪಸು ಕಳಿಸುತ್ತೇನೆ.

ನಿನ್ನ
ಅಮ್ಮ