ತೂಕ ಇಳಿಸೋದಕ್ಕೆ ಛಲ ಅಂತ ಹೆಸರಿಡಬೇಡಿ

ಮಾನ್ಯ ಸಂಪಾದಕರೇ,

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಆಗಸ್ಟ್ 7ರಂದು ಕುಸ್ತಿಪಟು ವಿನೇಶ್ ಫೋಗಟ್ ತಮ್ಮ ವಿಭಾಗದ ಮಿತಿಗಿಂತ 100 ಗ್ರಾಂ ಜಾಸ್ತಿ ತೂಗಿ ಅನರ್ಹರಾದರು. ಹಿಂದಿನ ರಾತ್ರಿಯಿಡೀ ಅವರು ತೂಕ ಇಳಿಸಲು ಪಟ್ಟ ಪಾಡನ್ನು, ಕೂದಲು ಕತ್ತರಿಸಿಕೊಂಡದ್ದನ್ನು ನಾವೆಲ್ಲ ಛಲ ಅಂತ ಹೊಗಳಿದೆವು. ಎರಡು ದಿನ ಬಿಟ್ಟು ಕುಸ್ತಿಯಲ್ಲೇ ಅಮನ್ ಸೆಹ್ರಾವತ್ ಕಂಚು ಗೆದ್ದರು. ಪಂದ್ಯಕ್ಕೆ ಮುಂಚೆ ಅವರು ಹತ್ತು ಗಂಟೆಯಲ್ಲಿ 4.6 ಕೆ.ಜಿ. ಇಳಿಸಿದ್ದಕ್ಕೂ ಚಪ್ಪಾಳೆ. ಆ ಚಪ್ಪಾಳೆ ನಮ್ಮ ಮನೆಯಲ್ಲೂ ಕೇಳಿಸಿತು. ನನ್ನ ಮಗ ಕುಸ್ತಿ ಆಡುತ್ತಾನೆ, ಆಗ ಅವನಿಗೆ 15 ವರ್ಷ.

ಒಂದು ಪಂದ್ಯಕ್ಕೆ ಮುಂಚೆ ಅವನ ಕೋಚ್ ‘ಇನ್ನೂ ಮೂರು ಕೆ.ಜಿ. ಇಳಿಸು, ಕೆಳಗಿನ ವಿಭಾಗದಲ್ಲಿ ಗೆಲ್ತೀಯ’ ಅಂದರು. ಬಿಸಿಲಲ್ಲಿ ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಕೊಂಡು ಓಡಿದ. ನೀರು ಬಾಯಿ ಮುಕ್ಕಳಿಸಿ ಉಗಿದ, ಒಂದು ಗುಟುಕೂ ನುಂಗಲಿಲ್ಲ. ತೂಕ ಕೊಟ್ಟಿದ್ದೇ ತಡ, ಬೇಕರಿಯಲ್ಲಿ ಹೊಟ್ಟೆ ಬಿರಿಯ ತಿಂದ. ಅಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಪಂದ್ಯವಾಗಿ ತಿಂಗಳು ಕಳೆದರೂ ರೊಟ್ಟಿ ಚೂರು ಚೂರು ಮಾಡಿ ತಟ್ಟೆಯಲ್ಲೇ ಬಿಡುತ್ತಿದ್ದ, ದಿನಕ್ಕೆ ಎಂಟು ಹತ್ತು ಸಲ ತೂಕ ನೋಡುತ್ತಿದ್ದ, ಯಾರೂ ಇಲ್ಲದಾಗ ಡಬ್ಬಿಗಟ್ಟಲೆ ತಿಂದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದ. ಅವರಮ್ಮ ಕೇಳಿದರೆ ‘ಡಯಟ್’ ಅನ್ನುತ್ತಿದ್ದ. ಪೈಲ್ವಾನರಿಗೆ ಇದೆಲ್ಲ ಇದ್ದದ್ದೇ ಅಂತ ನಾನೂ ಸುಮ್ನಿದ್ದೆ, ಅದು ನನ್ನ ತಪ್ಪು. ಇದು ಕಾಯಿಲೆ, ಗಂಡು ಹುಡುಗರಿಗೂ ಬರುತ್ತದೆ ಅಂತ ಡಾಕ್ಟರು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ನಮ್ಮ ತಂದೆ ಗರಡಿಯಲ್ಲಿ ಬೆಳೆದವರು. ಅಲ್ಲಿ ಉಸ್ತಾದರು ಮೊದಲು ಕೇಳುತ್ತಿದ್ದುದೇ ‘ಏನು ಉಂಡೆ?’ ಅಂತ.

1997ರ ಕೊನೆಯಲ್ಲಿ ಅಮೆರಿಕದಲ್ಲಿ ಸುಮಾರು ಒಂದು ತಿಂಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಬೆವರಿಳಿಸುವ ರಬ್ಬರ್ ಸೂಟು, ಹಬೆ ಕೋಣೆ ನಿಷೇಧಿಸಿದರು. ತೂಕ ನೋಡುವುದನ್ನು ಪಂದ್ಯದ ಹೊತ್ತಿಗೆ ಹತ್ತಿರ ತಂದರು. ಮೈಯಲ್ಲಿ ನೀರು ಸಾಕಷ್ಟಿದೆಯಾ ಅಂತ ಮೂತ್ರ ಪರೀಕ್ಷೆ ಮಾಡಿ, ಅದಾದ ಮೇಲೇ ಯಾರು ಎಷ್ಟರ ತನಕ ಇಳಿಯಬಹುದು ಅಂತ ಗೊತ್ತು ಮಾಡುತ್ತಾರೆ. ನಮ್ಮ ಮಕ್ಕಳ ಪಂದ್ಯಗಳಲ್ಲೂ ಇದನ್ನು ಮಾಡಬಹುದು, ಅಲ್ವಾ? ಕುಸ್ತಿ ಅಷ್ಟೇ ಅಲ್ಲ, ಬಾಕ್ಸಿಂಗ್, ಜೂಡೊದಲ್ಲೂ ತೂಕದ ವಿಭಾಗ ಇದ್ದೇ ಇದೆ.

ಮಗ ಈಗ ಮೇಲಿನ ವಿಭಾಗದಲ್ಲಿ ಆಡುತ್ತಾನೆ, ಜಾಸ್ತಿ ಸೋಲುತ್ತಾನೆ, ಚಿಕಿತ್ಸೆ ಇನ್ನೂ ನಡೆದಿದೆ. ಕೋಚ್‌ಗಳೇ, ಬೆಳೆಯುವ ಹುಡುಗರಿಗೆ ತೂಕ ಇಳಿಸು ಅನ್ನುವ ಮೊದಲು ಮನೆಯವರಿಗೊಂದು ಫೋನ್ ಮಾಡಿ. ಪಂದ್ಯ ನಡೆಸುವವರು ತೂಕ ನೋಡುವ ಜಾಗದಲ್ಲಿ ಒಬ್ಬ ಡಾಕ್ಟರನ್ನು ಕೂರಿಸಿ.

– ಒಬ್ಬ ಕುಸ್ತಿಪಟುವಿನ ತಂದೆ, ಧಾರವಾಡ