ಉಳುಮೆಯ ವೇಗ ಮತ್ತು ಡೀಸೆಲ್ ಖರ್ಚಿನ ಬಗ್ಗೆ ತಪ್ಪು ಮಾಹಿತಿ: ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಟ್ರ್ಯಾಕ್ಟರ್ ತಯಾರಿಕಾ ಕಂಪನಿ

ಮಾನ್ಯರೇ,

ನಿಮ್ಮ ಕಂಪನಿಯ ಟ್ರ್ಯಾಕ್ಟರನ್ನು ಉಳುಮೆಗೆಂದೇ ಕೊಂಡಿದ್ದೇನೆ. ಗಂಟೆಗೆ ಡೀಸೆಲ್ ತೀರಾ ಕಡಿಮೆ ಸಾಕು, ಮೇಲಿನ ಗೇರ್‌ನಲ್ಲಿ ಜೋರಾಗಿ ಓಡಿಸಿದಷ್ಟೂ ಉಳಿತಾಯ ಎಂದು ನಿಮ್ಮ ಪ್ರತಿನಿಧಿ ಹೇಳಿದ್ದರು. ನನ್ನ ಹೊಲದಲ್ಲಿ ಆ ಮಾತು ನಿಲ್ಲಲಿಲ್ಲ.

ಡೆಮೊ ಕೊಟ್ಟಿದ್ದು ಮೊದಲೇ ಉತ್ತು ಸಡಿಲವಾಗಿದ್ದ ಮಣ್ಣಿನಲ್ಲಿ, ಮೇಲ್ಮಣ್ಣನ್ನು ಕೆದಕುವ ಹಗುರ ಉಪಕರಣ ಕಲ್ಟಿವೇಟರ್ ಕಟ್ಟಿ. ಅದೇ ಗೇರ್‌ನಲ್ಲಿ ಗಟ್ಟಿ ನೆಲಕ್ಕೆ ಎಂ.ಬಿ. ನೇಗಿಲು (ಮಣ್ಣನ್ನು ಮಗುಚಿ ಹಾಕುವ ಮೋಲ್ಡ್‌ಬೋರ್ಡ್ ನೇಗಿಲು) ಇಳಿಸಿದಾಗ ಹಿಂದಿನ ಚಕ್ರ ಜಾರತೊಡಗಿತು, ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬಂತು, ನೇಗಿಲು ಮೇಲಕ್ಕೇಳುತ್ತಾ ಸಾಲಿನ ಆಳ ಒಂದೇ ಸಮ ಬರಲಿಲ್ಲ. ಟ್ಯಾಂಕ್ ತುಂಬಿಸಿ ಉತ್ತು, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ ಅಳೆದೆ. ಗೇರ್ ಇಳಿಸಿ ಉತ್ತ ತಾಕಿನಲ್ಲೇ ಎಕರೆಗೆ ಕಡಿಮೆ ಡೀಸೆಲ್ ಹಿಡಿಯಿತು. ಸರ್ವಿಸ್ ಕೇಂದ್ರದವರು ನೇಗಿಲಿನ ಹೊಂದಿಕೆ, ಟೈರಿನ ಗಾಳಿ ಎಲ್ಲ ನೋಡಿ, ದೋಷ ಸಿಗದೆ, “ಓಡಿಸುವವರ ತಪ್ಪು” ಎಂದು ಬರೆದು ದೂರು ಮುಚ್ಚಿದರು. ನೀವೇ ಹೇಳಿಕೊಟ್ಟ ಗೇರ್‌ನಲ್ಲಿ ಓಡಿಸಿದವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ನಿಮ್ಮ ಎಂಜಿನಿಯರುಗಳಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ವೇಗ ಹೆಚ್ಚಿದಂತೆ ಎಂ.ಬಿ. ನೇಗಿಲು ಮಣ್ಣನ್ನು ಮಗುಚುವುದರ ಜೊತೆಗೆ ದೂರ ಎಸೆಯತೊಡಗುತ್ತದೆ. ಹಾಗೆ ಎಸೆಯಲು ಬೇಕಾದ ಹೆಚ್ಚುವರಿ ಬಲ ವೇಗದ ವರ್ಗಕ್ಕೆ (ವೇಗವನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ) ತಕ್ಕಂತೆ ಏರುತ್ತದೆ. ಗಂಟೆಗೆ 5 ಕಿ.ಮೀ. ಇದ್ದದ್ದನ್ನು 8 ಕಿ.ಮೀ. ಮಾಡಿದರೆ ನೇಗಿಲಿನ ಎಳೆತ ಸುಮಾರು ಕಾಲು ಭಾಗ ಹೆಚ್ಚುತ್ತದೆ, ಬೇಕಾಗುವ ಶಕ್ತಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಚಕ್ರ ಶೇ. 15ಕ್ಕಿಂತ ಹೆಚ್ಚು ಜಾರಿದರೆ ಡೀಸೆಲ್ ಉರಿದಷ್ಟು ಉಳುಮೆ ಮುಂದೆ ಸಾಗುವುದಿಲ್ಲ. ನಿಮ್ಮ ಕೈಪಿಡಿಯ ವೇಗದ ಪಟ್ಟಿಯಲ್ಲಿ ಈ ಜಾರಿಕೆಯ ಲೆಕ್ಕವೇ ಇಲ್ಲ.

ಹಾಗೆಂದು ಎಲ್ಲ ಕೆಲಸಕ್ಕೂ ನಿಧಾನವೇ ಸರಿ ಎನ್ನುತ್ತಿಲ್ಲ. ಹಗುರ ಕೆಲಸಕ್ಕೆ ಮೇಲಿನ ಗೇರ್ ಹಾಕಿ ಆಕ್ಸಿಲರೇಟರ್ ಇಳಿಸಿದರೆ ನಿಜಕ್ಕೂ ಡೀಸೆಲ್ ಉಳಿಯುತ್ತದೆ. ತಿರುಗುವ ಅಲಗುಗಳಿಂದ ಮಣ್ಣು ಪುಡಿಮಾಡುವ ರೋಟವೇಟರ್‌ಗೆ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಹಿಂಬದಿಯ ದಂಡ) ನಿಮಿಷಕ್ಕೆ 540 ಸುತ್ತು ತಿರುಗಬೇಕು, ಅಲ್ಲಿ ವೇಗವನ್ನು ಗೇರ್‌ನಿಂದಲೇ ಹೊಂದಿಸಬೇಕು. ವೇಗ ಮಿತಿಮೀರಿದರೆ ಹೆಂಟೆ ಒಡೆಯದೆ ಇನ್ನೊಂದು ಸಲ ಓಡಿಸಬೇಕಾಗುತ್ತದೆ. ಕೊಳ್ಳುವವರಿಗೆ ಹೇಳಬೇಕಾದದ್ದು ಈ ವ್ಯತ್ಯಾಸ. ಗಂಟೆಗೆ ಎಷ್ಟು ಲೀಟರ್ ಎಂದಷ್ಟೇ ಹೇಳಿದರೆ ರೈತನಿಗೆ ಏನೂ ತಿಳಿಯದು. ಒಂದು ಗಂಟೆಯಲ್ಲಿ 5 ಲೀಟರ್ ಉರಿಸಿ ಒಂದು ಎಕರೆ ಉಳುವುದಕ್ಕಿಂತ ಅದೇ ಒಂದು ಗಂಟೆಯಲ್ಲಿ 6 ಲೀಟರ್ ಉರಿಸಿ ಒಂದೂವರೆ ಎಕರೆ ಮುಗಿಸುವುದು ಲಾಭ, ಆದರೆ ಗಂಟೆಯ ಲೆಕ್ಕದಲ್ಲಿ ಮೊದಲನೆಯದೇ ಮಿತವ್ಯಯಿ ಎಂದು ಕಾಣುತ್ತದೆ.

ಆದ್ದರಿಂದ ತಂತ್ರಜ್ಞರನ್ನು ನನ್ನ ಹೊಲಕ್ಕೆ ಕಳುಹಿಸಿ, ನನ್ನ ನೇಗಿಲನ್ನೇ ಕಟ್ಟಿ, ಒಂದೊಂದು ಗೇರ್‌ನಲ್ಲೂ ಎಕರೆಗೆ ತಗಲುವ ಡೀಸೆಲ್, ಚಕ್ರದ ಜಾರಿಕೆ ಮತ್ತು ಉಳುಮೆಯ ಆಳ ಅಳೆದು ಲಿಖಿತವಾಗಿ ಕೊಡಿ. ಎಂಜಿನ್‌ನಲ್ಲಿ ದೋಷ ಕಂಡರೆ ವಾರಂಟಿಯಡಿ ಸರಿಪಡಿಸಿ. ದೂರಿನ ಮೇಲೆ ಬರೆದ ಷರಾವನ್ನು ತೆಗೆಯಿರಿ. ಉಪಕರಣ ಮತ್ತು ಮಣ್ಣಿಗೆ ತಕ್ಕಂತೆ ಗೇರ್, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸೂಚಿಸುವ ಪಟ್ಟಿಯನ್ನು ಕನ್ನಡದ ಕೈಪಿಡಿಯಲ್ಲಿ ಸೇರಿಸಿ. ಉಳುಮೆಯ ಹದ ಯಾರಿಗೂ ಕಾಯುವುದಿಲ್ಲವಾದ್ದರಿಂದ 15 ದಿನಗಳೊಳಗೆ ಉತ್ತರ ನಿರೀಕ್ಷಿಸುತ್ತೇನೆ. ಖರೀದಿ ರಸೀದಿ ಮತ್ತು ಸರ್ವಿಸ್ ಕಾರ್ಡಿನ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ